ತಾಳೆ ಸರಿ ಬರುತ್ತದೆ, ಉತ್ತರ ಮಾತ್ರ ತಪ್ಪು: ಆದೇಶ ವಿಧಾನದಲ್ಲಿ ಎಲ್ಲಿ ಎಡವುತ್ತಿದ್ದೇನೆ?

ಸುಮಾ

ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟು 22 ವರ್ಷ ಆದ ಮೇಲೆ ಮತ್ತೆ ಲೆಕ್ಕದ ಪುಸ್ತಕ ಹಿಡಿದಿದ್ದೇನೆ. ಯಾರ ಒತ್ತಾಯವೂ ಇಲ್ಲ. ಆಗ ಅರ್ಥವಾಗದೆ ಬಾಯಿಪಾಠ ಮಾಡಿದ್ದನ್ನು ಈಗಲಾದರೂ ಅರ್ಥ ಮಾಡಿಕೊಳ್ಳಬೇಕು ಅನ್ನುವ ಹಟ, ಅಷ್ಟೇ. ರಾತ್ರಿ ಕೆಲಸ ಮುಗಿದ ಮೇಲೆ ದಿನಾ ಒಂದು ಗಂಟೆ ಕೂರುತ್ತೇನೆ.

ಈಗ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳಿಗೆ ಬಂದಿದ್ದೇನೆ. ಆದೇಶ ವಿಧಾನದಲ್ಲಿ, ಅಂದರೆ ಒಂದು ಅಕ್ಷರದ ಬೆಲೆಯನ್ನು ಇನ್ನೊಂದರ ಮೂಲಕ ಬರೆದು ಅದರ ಜಾಗದಲ್ಲಿ ಹಾಕುವ ವಿಧಾನದಲ್ಲಿ, ಮೂರು ದಿನದಿಂದ ಒಂದೇ ಲೆಕ್ಕ ಹಿಡಿದು ಕೂತಿದ್ದೇನೆ. ಟೈಪ್ ಮಾಡಲು ಸುಲಭ ಅಂತ ಅಕ್ಷರಗಳನ್ನು ಅ, ಬ ಎಂದು ಇಟ್ಟುಕೊಂಡಿದ್ದೇನೆ.

(1) 2ಅ + ಬ = 7
(2) 5ಅ − 3ಬ = 1

ಮೊದಲ ದಿನ (1)ರಿಂದ ಬ = 7 − 2ಅ ಅಂತ ಬರೆದುಕೊಂಡೆ. ಅದನ್ನು ಮತ್ತೆ (1)ರಲ್ಲೇ ಹಾಕಿದೆ. 2ಅ + 7 − 2ಅ = 7 ಆಯಿತು. ಅಂದರೆ 7 = 7. ಅ ಹೊಡೆದುಹೋಯಿತು, ಕೈಗೆ ಏನೂ ಸಿಗಲಿಲ್ಲ.

ಎರಡನೇ ದಿನ (2)ರಲ್ಲಿ ಹಾಕಿದೆ.

5ಅ − 3(7 − 2ಅ) = 1
5ಅ − 21 − 6ಅ = 1
−ಅ = 22
ಅ = −22

ಬ = 7 − 2 × (−22) = 7 + 44 = 51.

ಸಂಖ್ಯೆ ನೋಡಿ ಅನುಮಾನ ಬಂತು. ತಾಳೆ ನೋಡಿದೆ. 2 × (−22) + 51 = −44 + 51 = 7. ಸರಿ ಇದೆ! ಆದರೆ ಪುಸ್ತಕದ ಹಿಂದೆ ಅ = 2, ಬ = 3 ಅಂತ ಕೊಟ್ಟಿದ್ದಾರೆ. ಅದನ್ನು ಹಾಕಿದರೂ 4 + 3 = 7. ಹಾಗಾದರೆ ಎರಡೂ ಸರಿನಾ? ತಾಳೆ ನೋಡಿದ ಮೇಲೂ ಉತ್ತರ ತಪ್ಪಾಗಿದ್ದರೆ ತಾಳೆ ನೋಡುವುದಾದರೂ ಯಾಕೆ? ದಯವಿಟ್ಟು ಬಿಡಿಸಿ ಹೇಳಿ.

ಕೊನೇ ಬೆಂಚು

ಅಕ್ಕ, ಚಿಹ್ನೆ ತಪ್ಪಿದೆ. ಮೂರನೇ ದಿನದ ಅಗತ್ಯ ಇರಲಿಲ್ಲ, ಎರಡನೇ ದಿನವೇ ಹತ್ತಿರ ಬಂದಿದ್ದಿರಿ. −3 ಮತ್ತು −2ಅ ಗುಣಿಸಿದರೆ +6ಅ ಬರಬೇಕು.

5ಅ − 21 + 6ಅ = 1
11ಅ = 22
ಅ = 2, ಬ = 7 − 4 = 3

ಸುಮಾ

ಥ್ಯಾಂಕ್ಸ್ ತಮ್ಮಾ. ಚಿಹ್ನೆ ತಪ್ಪಿದ್ದು ಈಗ ಕಂಡಿತು. ಆದರೆ ನನ್ನನ್ನು ಕಾಡುತ್ತಿರುವುದು ಇನ್ನೊಂದು. ಇಷ್ಟು ದೊಡ್ಡ ತಪ್ಪು ಮಾಡಿದರೂ ತಾಳೆ ಹೇಗೆ ಸರಿ ಬಂತು? ಮತ್ತೆ ಮೊದಲ ದಿನ 7 = 7 ಬಂತಲ್ಲ, ಅದು ಯಾಕೆ? "ಇನ್ನೊಂದು ಸಮೀಕರಣದಲ್ಲಿ ಹಾಕಬೇಕು" ಅಂತ ಪುಸ್ತಕದಲ್ಲಿ ನಿಯಮ ಇದೆ. ನಿಯಮ ಪಾಲಿಸಬಲ್ಲೆ. ಆದರೆ ಸುಮ್ನೆ ಪಾಲಿಸುವುದಕ್ಕಾಗಿ ಮತ್ತೆ ಓದಲು ಕೂತಿಲ್ಲ.

ಹಲಗೆ ಬಳಪ

ಸುಮಾ ಅವರೇ, ನಿಮ್ಮ ಕೊನೆಯ ಸಾಲು ಓದಿ ತುಂಬಾ ಖುಷಿಯಾಯಿತು. ನಾನು 31 ವರ್ಷ ಗಣಿತ ಹೇಳಿಕೊಟ್ಟವನು, ಈಗ ನಿವೃತ್ತ. ನೀವು ಕೇಳಿದ ಎರಡು ಪ್ರಶ್ನೆಗೂ ಬೇರು ಒಂದೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಪದ ನೋಡೋಣ. ಆದೇಶ ಅಂದ ಕೂಡಲೇ ಅಪ್ಪಣೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆ ಅರ್ಥ ಹೊಂದುವುದಿಲ್ಲ. ಕನ್ನಡ ವ್ಯಾಕರಣದ ಆದೇಶ ಸಂಧಿ ನೆನಪಿಸಿಕೊಳ್ಳಿ. ಮಳೆ + ಕಾಲ = ಮಳೆಗಾಲ. 'ಕ' ಎದ್ದು ಹೋಯಿತು, ಅದರ ಜಾಗದಲ್ಲಿ 'ಗ' ಬಂದು ಕೂತಿತು. ಒಂದರ ಜಾಗಕ್ಕೆ ಇನ್ನೊಂದು ಬರುವುದೇ ಆದೇಶ. ಗಣಿತದಲ್ಲಿ ಒಂದು ಷರತ್ತು ಜಾಸ್ತಿ: ಬಂದು ಕೂರುವುದರ ಬೆಲೆ ಎದ್ದು ಹೋದದ್ದರ ಬೆಲೆಯಷ್ಟೇ ಇರಬೇಕು. (1) ಹೇಳುವುದು ಇಷ್ಟೇ: ಬ ಅನ್ನುವ ಸಂಖ್ಯೆಗೆ 7 − 2ಅ ಅಂತ ಇನ್ನೊಂದು ಹೆಸರಿದೆ.

ತರಗತಿಯಲ್ಲಿ ನಾನು ಒಂದು ಕಾಗದದ ಚೀಟಿ ಇಟ್ಟುಕೊಂಡಿರುತ್ತಿದ್ದೆ. ಅದರ ಮೇಲೆ 7 − 2ಅ ಅಂತ ಬರೆಯುವುದು. ಹಲಗೆ ಮೇಲೆ 5ಅ − 3ಬ = 1 ಇರುತ್ತದೆ. ಚೀಟಿಯನ್ನು ಸರಿಯಾಗಿ 'ಬ' ಮುಚ್ಚುವ ಹಾಗೆ ಅಂಟಿಸುವುದು. ಈಗ 3 ಎಲ್ಲಿದೆ? ಚೀಟಿಯ ಹೊರಗೆ. ಅಂದರೆ ಚೀಟಿಯಲ್ಲಿರುವ ಎಲ್ಲದಕ್ಕೂ ಅದು ಗುಣಕ. ಅದರ ಹಿಂದಿನ ಕಳೆಯುವ ಚಿಹ್ನೆಯೂ ಹೊರಗೇ ಇದೆ, ಅದೂ ಎಲ್ಲದಕ್ಕೂ ತಾಗುತ್ತದೆ. ಚೀಟಿಯ ಅಂಚೇ ಆವರಣ. ನೀವು ಆವರಣ ಹಾಕಿದ್ದಿರಿ, ಅದು ಒಳ್ಳೆಯದು. ಬಿಡಿಸುವಾಗ ಮಾತ್ರ −3 ಅನ್ನು 7ಕ್ಕೆ ಪೂರ್ತಿ ಕೊಟ್ಟು, −2ಅ ಹತ್ತಿರ ಬರುವಾಗ ಎರಡು ಕಳೆಯುವ ಚಿಹ್ನೆಯಲ್ಲಿ ಒಂದನ್ನು ಬಿಟ್ಟಿರಿ. ನಾಲ್ಕು ದಿನ ಚೀಟಿ ಅಂಟಿಸಿ ಮಾಡಿ, ಆಮೇಲೆ ಅದು ತಾನಾಗಿಯೇ ಕಣ್ಣಿಗೆ ಕಾಣಿಸುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ.

2ಅ + ಬ = 7 ಒಂದನ್ನೇ ತೆಗೆದುಕೊಳ್ಳಿ. ಇದಕ್ಕೆ ಎಷ್ಟು ಪರಿಹಾರ? ಲೆಕ್ಕವಿಲ್ಲದಷ್ಟು. ಅ = 0 ಆದರೆ ಬ = 7. ಅ = 1 ಆದರೆ ಬ = 5. ಅ = 2 ಆದರೆ ಬ = 3. ಅ = 3 ಆದರೆ ಬ = 1. ನಕ್ಷೆಯಲ್ಲಿ ಇವೆಲ್ಲ ಒಂದೇ ನೇರ ಗೆರೆ ಮೇಲೆ ಕೂರುತ್ತವೆ. ನಿಮ್ಮ (−22, 51) ಕೂಡ ಅದೇ ಗೆರೆಯ ಮೇಲೆ, ಬಲು ದೂರದಲ್ಲಿ ಕೂತಿದೆ. ನೀವು ಅ ಬೆಲೆ ಏನೇ ತಪ್ಪು ಕಂಡುಹಿಡಿದಿದ್ದರೂ, ಬ ಅನ್ನು 7 − 2ಅ ಇಂದಲೇ ತೆಗೆದಿರಿ. ಹಾಗಾಗಿ ಆ ಜೋಡಿ (1)ರ ಗೆರೆ ಬಿಟ್ಟು ಆಚೆ ಹೋಗಲು ಸಾಧ್ಯವೇ ಇಲ್ಲ. ಅ = 1000 ಅಂತ ಕಣ್ಣು ಮುಚ್ಚಿ ಬರೆದಿದ್ದರೂ ನಿಮ್ಮ ತಾಳೆ ಸರಿ ಬರುತ್ತಿತ್ತು. ಹಾಕಿ ನೋಡಿ.

7 = 7 ಬಂದದ್ದೂ ಇದಕ್ಕೇ. (1) ತನಗೆ ಗೊತ್ತಿದ್ದ ಒಂದೇ ಒಂದು ವಿಷಯವನ್ನು ನಿಮಗೆ ಹೇಳಿ ಮುಗಿಸಿದೆ: "ಬ ಅಂದರೆ 7 − 2ಅ." ಅದೇ ಮಾತನ್ನು ತಿರುಗಿ ಅದರ ಹತ್ತಿರವೇ ತೆಗೆದುಕೊಂಡು ಹೋದರೆ "ಹೌದು" ಅನ್ನುತ್ತದೆ, ಬೇರೆ ಏನು ಹೇಳೀತು? ಹೊಸ ಸುದ್ದಿ ಇರುವುದು (2)ರ ಹತ್ತಿರ.

ಈಗ ನಾನು ತುಂಬಾ ಇಷ್ಟಪಡುವ ಭಾಗ. ಕಾಗದದ ಮೇಲೆ ಮಾಡುತ್ತಾ ಓದಿ. (1)ರ ಗೆರೆ ಮೇಲೆ ಒಂದೊಂದೇ ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಯಲ್ಲಿ ನಿಂತು (2)ರ ಎಡಬದಿ, ಅಂದರೆ 5ಅ − 3ಬ ಎಷ್ಟಾಗುತ್ತದೆ ನೋಡಿ.

(0, 7): 0 − 21 = −21
(1, 5): 5 − 15 = −10
(2, 3): 10 − 9 = 1
(3, 1): 15 − 3 = 12

−21, −10, 1, 12. ಪ್ರತಿ ಹೆಜ್ಜೆಗೂ 11 ಏರುತ್ತಿದೆ. ಶುರುವಾದದ್ದು −21ರಲ್ಲಿ. ಅಂದರೆ ಅ ಹೆಜ್ಜೆ ನಡೆದ ಮೇಲೆ 11ಅ − 21. ಆದೇಶ ಮಾಡಿದಾಗ ಕೊನೇ ಬೆಂಚಿನ ಹುಡುಗನಿಗೆ ಸಿಕ್ಕಿದ್ದೂ ಇದೇ: 5ಅ − 21 + 6ಅ. ಆ 6ಅ ಎಲ್ಲಿಂದ ಬಂತು ಅಂತ ಈಗ ಕಾಣುತ್ತದೆಯಾ? ಅ ಒಂದು ಹೆಚ್ಚಿದರೆ ಬ ಎರಡು ಕಡಿಮೆಯಾಗುತ್ತದೆ. ಬ ಎರಡು ಕಡಿಮೆಯಾದರೆ, ನಾವು ಕಳೆಯುತ್ತಿದ್ದ 3ಬ ಆರು ಕಡಿಮೆಯಾಗುತ್ತದೆ. ಕಳೆಯುವುದು ಕಡಿಮೆಯಾದರೆ ಉಳಿಯುವುದು ಜಾಸ್ತಿ. ಅದಕ್ಕೇ ಅದು +6ಅ. ಋಣ ಋಣ ಸೇರಿದರೆ ಧನ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಹೆಜ್ಜೆ ಹೆಜ್ಜೆಗೂ ನಡೆಯುತ್ತಿದೆ.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಯಾವ ಹೆಜ್ಜೆಯಲ್ಲಿ ಅದು 1 ಆಗುತ್ತದೆ? 11ಅ − 21 = 1. ಎರಡನೇ ಹೆಜ್ಜೆಯಲ್ಲಿ.

ಇದರಿಂದ ತಾಳೆ ಎಲ್ಲಿ ನೋಡಬೇಕು ಅನ್ನುವುದೂ ಗೊತ್ತಾಗುತ್ತದೆ. ಬ ಅನ್ನು (1)ರಿಂದ ತೆಗೆದಿದ್ದರೆ ತಾಳೆ (2)ರಲ್ಲಿ ನೋಡಿ. ನಿಮ್ಮ (−22, 51) ಹಾಕಿದರೆ −110 − 153 = −263. ಬರಬೇಕಿದ್ದದ್ದು 1. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಸುಮಾ

ಮೇಷ್ಟ್ರೇ, ನೀವು ಹೇಳಿದ ಹಾಗೆ ಅ = 1000 ಹಾಕಿದೆ. ಬ = −1993. ಕೂಡಿದರೆ 2000 − 1993 = 7. ನಿಜವಾಗಿಯೂ ಬರುತ್ತದೆ! ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಇಷ್ಟು ದಿನ ತಾಳೆ ಅಂತ ಮಾಡಿದ್ದೆಲ್ಲ ತಾಳೆಯೇ ಅಲ್ಲ.

−21, −10, 1, 12 ಸಾಲನ್ನು ನಾನೇ ಮುಂದುವರಿಸಿದೆ. ಮುಂದಿನದು (4, −1): 20 + 3 = 23. ಮತ್ತೆ 11 ಏರಿತು.

ಈಗ ಇನ್ನೊಂದು ಲೆಕ್ಕ. ಇದರಲ್ಲಿ ಇನ್ನೊಂದು ಸಮೀಕರಣದಲ್ಲೇ ಹಾಕಿದ್ದೇನೆ, ಚಿಹ್ನೆಯೂ ಸರಿ ಇದೆ. ಆದರೂ ಅಕ್ಷರ ಹೊಡೆದುಹೋಯಿತು.

(1) ಅ − 2ಬ = 3
(2) 3ಅ − 6ಬ = 9

ಅ = 3 + 2ಬ. ಹಾಕಿದರೆ 9 + 6ಬ − 6ಬ = 9. ಅಂದರೆ 9 = 9. ಮತ್ತೆ ಎಲ್ಲಿ ತಪ್ಪಿದೆ?

ಹಲಗೆ ಬಳಪ

ಎಲ್ಲೂ ತಪ್ಪಿಲ್ಲ. ಈ ಸಲ ಹೊಸ ಸುದ್ದಿ ಇಲ್ಲದಿರುವುದು ಲೆಕ್ಕದಲ್ಲೇ. (1) ಅನ್ನು ಪೂರ್ತಿ 3ರಿಂದ ಗುಣಿಸಿ ನೋಡಿ, (2) ಸಿಗುತ್ತದೆ. ಎರಡು ಸಮೀಕರಣ ಅಂತ ಕೊಟ್ಟಿದ್ದಾರೆ, ಇರುವುದು ಒಂದೇ ಗೆರೆ.

ನಡೆದು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. (1)ರ ಗೆರೆ ಮೇಲೆ (3, 0), (5, 1), (7, 2) ಇವೆ. 3ಅ − 6ಬ ಎಷ್ಟಾಗುತ್ತದೆ? 9, 9, 9. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಲ್ಲಿ ನಿಂತರೂ 9. ಹಾಗಾಗಿ ಗೆರೆಯ ಮೇಲಿನ ಪ್ರತಿಯೊಂದು ಜೋಡಿಯೂ ಪರಿಹಾರ. ಉತ್ತರ ಬರೆಯುವುದಾದರೆ: ಬ ಯಾವ ಸಂಖ್ಯೆಯಾದರೂ ಆಗಬಹುದು, ಅ = 3 + 2ಬ.

ಈಗ (2)ರಲ್ಲಿ 9 ಅಳಿಸಿ 10 ಬರೆಯಿರಿ. ಆದೇಶ ಮಾಡಿದರೆ 9 = 10 ಬರುತ್ತದೆ. ಮಕ್ಕಳು ಇದನ್ನು ಕಂಡ ಕೂಡಲೇ ಗಾಬರಿಯಾಗಿ ಎಲ್ಲಾ ಒರೆಸಿಹಾಕುತ್ತಾರೆ. ಒರೆಸಬೇಡಿ. ಎಲ್ಲಿ ನಿಂತರೂ 9 ಕೊಡುವ ಗೆರೆ ಮೇಲೆ 10 ಹುಡುಕುತ್ತಿದ್ದೀರಿ, ಅದು ಸಿಗುವುದಿಲ್ಲ ಅಂತ ಲೆಕ್ಕವೇ ಹೇಳುತ್ತಿದೆ. ಎರಡು ಸಮಾಂತರ ಗೆರೆಗಳು, ಪರಿಹಾರ ಇಲ್ಲ. ಅಷ್ಟು ಬರೆದರೆ ಲೆಕ್ಕ ಮುಗಿಯಿತು.

ನೇರ ಗೆರೆ

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ಆದರೆ ಸುಮಾ ಅವರಿಗೆ ಒಂದು ಮಾತು: ಎಲ್ಲಾ ಕಡೆ ಆದೇಶ ವಿಧಾನವನ್ನೇ ಹಿಡಿಯಬೇಡಿ. ಉದಾಹರಣೆಗೆ,

(1) 3ಅ + 2ಬ = 16
(2) 5ಅ − 4ಬ = 12

ಇಲ್ಲಿ ಯಾವ ಅಕ್ಷರ ಬಿಡಿಸಿದರೂ ಭಿನ್ನರಾಶಿ ಬರುತ್ತದೆ. ಛೇದ ಹೊತ್ತುಕೊಂಡು ಹೋಗಬೇಕು, ತಪ್ಪುವ ಜಾಗ ಜಾಸ್ತಿ. ವರ್ಜಿಸುವ ವಿಧಾನದಲ್ಲಿ, ಅಂದರೆ ಸಮೀಕರಣಗಳನ್ನು ಕೂಡಿ ಕಳೆದು ಒಂದು ಅಕ್ಷರ ಹೊಡೆಯುವ ವಿಧಾನದಲ್ಲಿ, (1) ಅನ್ನು 2ರಿಂದ ಗುಣಿಸಿ (2)ಕ್ಕೆ ಕೂಡಿದರೆ ಮುಗಿಯಿತು. 11ಅ = 44. ಅ = 4, ಬ = 2.

ನನ್ನ ಕೆಲಸದಲ್ಲಿ ನೂರಾರು ಚರಾಕ್ಷರಗಳ ಸಮೀಕರಣಗಳನ್ನು ಕಂಪ್ಯೂಟರಿಗೆ ಕೊಡುತ್ತೇವೆ. ಅಲ್ಲಿ ಹೆಚ್ಚಾಗಿ ನಡೆಯುವುದು ಗೌಸ್ ಹೆಸರಿನ ವರ್ಜಿಸುವ ವಿಧಾನವೇ.

ಹಲಗೆ ಬಳಪ

ನೇರ ಗೆರೆ ಅವರೇ, ಆ ಲೆಕ್ಕಕ್ಕೆ ನಿಮ್ಮ ದಾರಿ ಸರಿ. ಸಹಗುಣಕ, ಅಂದರೆ ಅಕ್ಷರಕ್ಕೆ ಗುಣಿಸಿರುವ ಸಂಖ್ಯೆ, 1 ಅಥವಾ −1 ಇರುವ ಅಕ್ಷರ ಕಂಡರೆ ಆದೇಶ ಸಲೀಸು. ಇಲ್ಲದಿದ್ದರೆ ವರ್ಜಿಸುವುದು ಎಷ್ಟೋ ಸಲ ಹಗುರ. ಆದರೆ ಭಿನ್ನರಾಶಿ ಬಂದೇ ಬರುತ್ತದೆ ಅನ್ನುವುದನ್ನು ಒಪ್ಪಲಾರೆ. ಬ ಒಂದನ್ನೇ ಬಿಡಿಸಬೇಕು ಅಂತ ಯಾರೂ ಹೇಳಿಲ್ಲವಲ್ಲ. 2ಬ ಅನ್ನು ಇಡಿಯಾಗಿ ಹಿಡಿಯಿರಿ.

2ಬ = 16 − 3ಅ

(2)ರಲ್ಲಿರುವ 4ಬ ಅಂದರೆ ಎರಡು ಸಲ 2ಬ. ಚೀಟಿಯನ್ನು 2ಬ ಮೇಲೆ ಅಂಟಿಸಿ.

5ಅ − 2(16 − 3ಅ) = 12
5ಅ − 32 + 6ಅ = 12
11ಅ = 44

ನಿಮ್ಮ 11ಅ = 44 ಇದೇ ಅಲ್ವಾ? ನೀವು (1) ಅನ್ನು 2ರಿಂದ ಗುಣಿಸಿದಿರಿ, ನಾನು ಚೀಟಿಯನ್ನು 2ರಿಂದ ಗುಣಿಸಿದೆ. ಬೇರೆ ಬೇರೆ ಪಾಠದಲ್ಲಿ ಇಟ್ಟಿರುವುದರಿಂದ ಇವು ಬೇರೆ ವಿಧಾನ ಅನ್ನಿಸುತ್ತದೆ. ಒಳಗೆ ನಡೆಯುವ ಕೆಲಸ ಒಂದೇ.

ನಿಮ್ಮ ಕಂಪ್ಯೂಟರೂ ಕೊನೆಯಲ್ಲಿ ಆದೇಶಕ್ಕೇ ಬರಬೇಕು. ವರ್ಜಿಸುತ್ತಾ ಹೋಗಿ ಕೊನೆಯ ಸಾಲಿನಲ್ಲಿ ಒಂದೇ ಚರಾಕ್ಷರ ಉಳಿಸುತ್ತದೆ. ಆಮೇಲೆ ಆ ಬೆಲೆಯನ್ನು ಅದರ ಮೇಲಿನ ಸಾಲಿಗೆ, ಆ ಎರಡನ್ನೂ ಇನ್ನೂ ಮೇಲಿನ ಸಾಲಿಗೆ ಹಾಕುತ್ತಾ ಹತ್ತುತ್ತದೆ.

ಸಮೀಕರಣ ರೇಖಾತ್ಮಕ ಅಲ್ಲದಾಗ ಆದೇಶದ ಬೆಲೆ ಇನ್ನೂ ಗೊತ್ತಾಗುತ್ತದೆ. ಅ² + ಬ² = 25 ಮತ್ತು ಬ = ಅ + 1 ಕೊಟ್ಟರೆ, ಸಾಲಿಗೆ ಸಾಲು ಕೂಡಿ ಕಳೆದು ಅಕ್ಷರ ಹೊಡೆಯಲು ಆಗುವುದಿಲ್ಲ. ಚೀಟಿ ಅಂಟಿಸಿದರೆ ಅ² + ಅ − 12 = 0 ಸಿಗುತ್ತದೆ. ಉತ್ತರ (3, 4) ಮತ್ತು (−4, −3). ಗೆರೆಯೊಂದು ವೃತ್ತವನ್ನು ಎರಡು ಕಡೆ ಕಡಿಯುತ್ತದೆ.

ಮಾತು ಬಂತು ಅಂತ ಹೇಳುತ್ತೇನೆ, ಒಂದು ಅಕ್ಷರವನ್ನು ಬಿಡಿಸಿ ಬರೆಯುವ ಈ ಯೋಚನೆ ಬಹಳ ಹಳೆಯದು. ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಗೊತ್ತಿಲ್ಲದ ರಾಶಿಗಳಿಗೆ 'ವರ್ಣ' ಅನ್ನುತ್ತಾನೆ. 1150ರ ಸುಮಾರಿಗೆ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಮೊದಲನೆಯದು ಯಾವತ್ತಾವತ್ (ಎಷ್ಟೋ ಅಷ್ಟು), ಆಮೇಲೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಯಾ, ಕಾ, ನೀ ಅಂತ ಮೊದಲ ಅಕ್ಷರ ಮಾತ್ರ. ಮೊದಲ ವರ್ಣವನ್ನು ಒಂದು ಬದಿಯಲ್ಲಿಟ್ಟು ಉಳಿದದ್ದನ್ನೆಲ್ಲ ಇನ್ನೊಂದು ಬದಿಗೆ ಸಾಗಿಸಿ ಅದರ ಬೆಲೆ ಕಟ್ಟುವುದು ಅವರ ಕ್ರಮ. ಸುಮಾ ಅವರೇ, ನೀವು ಅ, ಬ ಅಂತ ಇಟ್ಟುಕೊಂಡದ್ದು ನೋಡಿ ನನಗೆ ಮೊದಲು ನೆನಪಾದದ್ದು ಇದೇ.

ಸುಮಾ

ನಾಲ್ಕು ದಿನ ಚೀಟಿ ಅಂಟಿಸಿ 14 ಲೆಕ್ಕ ಮಾಡಿದೆ. ಆವರಣ ಬಿಡಿಸುವಾಗ ಈಗ ಚಿಹ್ನೆ ತಪ್ಪುತ್ತಿಲ್ಲ. ಆದರೆ ನಿನ್ನೆ ರಾತ್ರಿ ಒಂದು ವಿಚಿತ್ರ ನಡೆಯಿತು.

(1) 2ಅ − ಬ = 8
(2) 7ಅ + 3ಬ = 15

(1)ರಿಂದ ಬ = 8 − 2ಅ ಅಂತ ಬರೆದೆ. (2)ರಲ್ಲಿ ಹಾಕಿದೆ: 7ಅ + 24 − 6ಅ = 15. ಅ = −9. ಬ = 8 + 18 = 26. ನೀವು ಹೇಳಿದ ಹಾಗೆ ತಾಳೆಯನ್ನು (2)ರಲ್ಲಿ ನೋಡಿದೆ. −63 + 78 = 15. ಸರಿಯಾಗಿ ಬಂತು! ಖುಷಿಯಿಂದ ಪುಸ್ತಕದ ಹಿಂದೆ ನೋಡಿದರೆ ಅ = 3, ಬ = −2.

ಈ ಸಲ ಯಾರನ್ನೂ ಕೇಳಬಾರದು ಅಂತ ಮಲಗಿದೆ. ಬೆಳಿಗ್ಗೆ ಎದ್ದು ಒಂದೊಂದೇ ಸಾಲು ನೋಡಿದೆ. (1)ರಲ್ಲಿ ಇರುವುದು −ಬ. ಬಿಡಿಸಿದರೆ −ಬ = 8 − 2ಅ, ಅಂದರೆ ಬ = 2ಅ − 8. ನಾನು ಚೀಟಿ ಬರೆಯುವಾಗಲೇ ಆ ಕಳೆಯುವ ಚಿಹ್ನೆ ಬಿಟ್ಟಿದ್ದೆ. ತಪ್ಪು ಚೀಟಿಯನ್ನು ಹಿಡಿದು ಆಮೇಲಿನ ಕೆಲಸ ಎಲ್ಲಾ ಸರಿಯಾಗಿ ಮಾಡಿದ್ದೇನೆ. ಅದಕ್ಕೇ (2) ಒಪ್ಪಿತು. (1)ರಲ್ಲಿ ಹಾಕಿದರೆ −18 − 26 = −44. ಬರಬೇಕಿದ್ದದ್ದು 8.

ಮೇಷ್ಟ್ರೇ, ಹಾಗಾದರೆ (2)ರಲ್ಲಿ ಮಾತ್ರ ನೋಡಿದರೆ ಸಾಲದು ಅಲ್ವಾ? ಚೀಟಿ ಬರೆಯುವಾಗ ಆದ ತಪ್ಪನ್ನು (1) ಹಿಡಿಯುತ್ತದೆ. ಚೀಟಿ ಅಂಟಿಸಿದ ಮೇಲೆ ಆದ ತಪ್ಪನ್ನು (2) ಹಿಡಿಯುತ್ತದೆ. ಮೊದಲ ಲೆಕ್ಕದಲ್ಲಿ ನನ್ನ ಚೀಟಿ ಸರಿ ಇತ್ತು, ಅಂಟಿಸಿದ ಮೇಲೆ ತಪ್ಪಿದೆ. ಇದರಲ್ಲಿ ಉಲ್ಟಾ.

ಹಲಗೆ ಬಳಪ

ಸುಮಾ ಅವರೇ, ನಿಮ್ಮ ಮಾತು ಸರಿ, ನಾನು ಹೇಳಿದ್ದು ಅರ್ಧ. ಚೀಟಿ ಸರಿಯಾಗಿದೆ ಅಂತ ನಾನು ಮೊದಲೇ ನಂಬಿಕೊಂಡು ಬರೆದಿದ್ದೆ. ತಾಳೆಯನ್ನು ಎರಡರಲ್ಲೂ ನೋಡಬೇಕು. ಯಾವುದರಲ್ಲಿ ತಪ್ಪಿತು ಅನ್ನುವುದರಿಂದ ಎಲ್ಲಿ ಎಡವಿದಿರಿ ಅನ್ನುವುದೂ ಗೊತ್ತಾಗುತ್ತದೆ. ಇಷ್ಟು ಸ್ಪಷ್ಟವಾಗಿ ನಾನು ತರಗತಿಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಮೂರು ಚರಾಕ್ಷರಗಳ ಒಂದು ಲೆಕ್ಕ ಕೊಡುತ್ತೇನೆ. ಮೊದಲ ಚೀಟಿಯನ್ನು ಎರಡು ಕಡೆ ಅಂಟಿಸಬೇಕಾಗುತ್ತದೆ.

ಅ + ಬ + ಕ = 6
2ಅ − ಬ + ಕ = 3
ಅ + 2ಬ − ಕ = 2

ಸುಮಾ

ಅ = 6 − ಬ − ಕ ಅಂತ ಚೀಟಿ ಬರೆದೆ. ಎರಡನೆಯದರಲ್ಲಿ ಅಂಟಿಸಿದರೆ 12 − 3ಬ − ಕ = 3. ಮೂರನೆಯದರಲ್ಲಿ 6 + ಬ − 2ಕ = 2. ಮೊದಲಿನದರಿಂದ ಕ = 9 − 3ಬ. ಎರಡನೇ ಚೀಟಿ. 6 + ಬ − 18 + 6ಬ = 2. 7ಬ = 14.

ಬ = 2, ಕ = 3, ಅ = 1.

ತಾಳೆ: 1 + 2 + 3 = 6. 2 − 2 + 3 = 3. 1 + 4 − 3 = 2. ಮೂರರಲ್ಲೂ ನೋಡಿದ್ದೇನೆ, ಮೇಷ್ಟ್ರೇ.